ಕೆರೆಗೆ ಬರುವ ನೀರಿನಲ್ಲಿ ಗೊಬ್ಬರವೆಷ್ಟು? ಆಕೊಕ್ವಾನ್ ಜಲಾಶಯದ ಪಾಠ, ಕೋಲಾರದ ಲೆಕ್ಕ

ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆಲಸ 2018ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಅಂದರೆ ಜನರ ಬಾಯಲ್ಲಿ ಕೆ.ಸಿ. ವ್ಯಾಲಿ, ದಿನಕ್ಕೆ 44 ಕೋಟಿ ಲೀಟರ್ ನೀರನ್ನು 126 ಕೆರೆಗಳಿಗೆ ಹರಿಸುವ ಉದ್ದೇಶದಿಂದ ರೂಪುಗೊಂಡಿತು. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರ ಕೆರೆ. ಮರು ತಿಂಗಳೇ ಆ ಕೆರೆಯಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟಿಗೆ ಹೋಗಿ ಯೋಜನೆಗೆ ತಡೆ ಬಿತ್ತು. ತಡೆ ತೆರವಾದ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆ ನೀಡಿತು. ಅದೇ ವರ್ಷ ಅದೂ ತೆರವಾಗಿ ನೀರು ಮತ್ತೆ ಹರಿಯಿತು.

ಅಂದಿನಿಂದ ಜಿಲ್ಲೆಯಲ್ಲಿ ಎರಡು ಮಾತು ಕೇಳಿಬರುತ್ತಿವೆ. ವರ್ಷಗಟ್ಟಲೆ ಬತ್ತಿ ಬಿರುಕುಬಿಟ್ಟಿದ್ದ ಕೆರೆ ತುಂಬಿದೆ, ಸತ್ತ ಕೊಳವೆ ಬಾವಿಗೆ ಜೀವ ಬಂದಿದೆ ಎಂಬುದು ಒಂದು. ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ನಮಗೆ ಬೇಡ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂಬುದು ಇನ್ನೊಂದು. ಎರಡು ಮಾತಿನಲ್ಲೂ ಸತ್ಯವಿದೆ. ಕೆರೆಗಳ ಆಸುಪಾಸಿನಲ್ಲಿ ಅಂತರ್ಜಲ ಮೇಲೆ ಬಂದಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳೂ ಹೇಳಿವೆ. ಆದರೆ ನೀರಿನ ಜೊತೆಗೆ ಬೇರೇನು ಬರುತ್ತಿದೆ ಎಂಬ ಪ್ರಶ್ನೆ ಇದರಿಂದ ಮುಗಿಯುವುದಿಲ್ಲ.

ಇಂಥದೇ ಪ್ರಶ್ನೆಯನ್ನು ಐವತ್ತು ವರ್ಷಗಳಿಗೂ ಹಿಂದೆ ಎದುರಿಸಿ, ಅದಕ್ಕೆ ಉತ್ತರ ಕಂಡುಕೊಂಡ ಜಲಾಶಯವೊಂದು ಅಮೆರಿಕದಲ್ಲಿದೆ. ಅದರ ಕಥೆಯನ್ನು ನಮ್ಮ ರೈತರು ತಿಳಿಯುವುದು ಅಗತ್ಯ.

ನೀರಿನಲ್ಲಿ ಕಾಣದ ಗೊಬ್ಬರದ ಚೀಲ

ಮೊದಲು ಶುದ್ಧೀಕರಣದ ಹಂತಗಳನ್ನು ನೋಡೋಣ. ಮೊದಲನೆಯ ಹಂತದಲ್ಲಿ ಕೊಳಚೆ ನೀರನ್ನು ಜಾಲರಿಯ ಮೂಲಕ ಹಾಯಿಸಿ, ತೊಟ್ಟಿಯಲ್ಲಿ ನಿಲ್ಲಿಸಿ, ಕಸ ಮತ್ತು ಕೆಸರನ್ನು ತೆಗೆಯುತ್ತಾರೆ. ಎರಡನೆಯ ಹಂತದಲ್ಲಿ ನೀರಿಗೆ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಾರೆ. ಅವು ಕೊಳೆಯುವ ಪದಾರ್ಥವನ್ನು ತಿಂದು ಮುಗಿಸುತ್ತವೆ. ಇಷ್ಟಾದ ಮೇಲೆ ನೀರು ಬಹುಮಟ್ಟಿಗೆ ತಿಳಿಯಾಗುತ್ತದೆ, ದುರ್ವಾಸನೆಯೂ ಕಡಿಮೆಯಾಗುತ್ತದೆ. ಆದರೆ ಅದರಲ್ಲಿ ಕರಗಿರುವ ಸಾರಜನಕ ಮತ್ತು ರಂಜಕಗಳಲ್ಲಿ ಹೆಚ್ಚಿನ ಪಾಲು ಹಾಗೆಯೇ ಉಳಿಯುತ್ತದೆ. ಮಲಮೂತ್ರದಿಂದಲೂ ಬಟ್ಟೆ ತೊಳೆಯುವ ಪುಡಿಗಳಿಂದಲೂ ಬಂದ ಈ ಪೋಷಕಾಂಶಗಳನ್ನು ತೆಗೆಯಬೇಕಾದರೆ ಅದಕ್ಕೆಂದೇ ಇನ್ನೊಂದು ಏರ್ಪಾಡು ಬೇಕು. ಮೂರನೇ ಹಂತವೆಂದು ಸ್ಥೂಲವಾಗಿ ಹೇಳುವುದು ಇದನ್ನೇ.

ಸಾರಜನಕ, ರಂಜಕ ಎಂದರೆ ರೈತರಿಗೆ ಹೊಸದಲ್ಲ. ಯೂರಿಯಾ ಮತ್ತು ಡಿ.ಎ.ಪಿ. ಚೀಲದಲ್ಲಿ ದುಡ್ಡು ಕೊಟ್ಟು ತರುವುದು ಇವನ್ನೇ. ಹಾಗಿದ್ದರೆ ನೀರಿನಲ್ಲಿ ಬಂದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಹೊಲಕ್ಕೆ ಬಂದರೆ ಒಳ್ಳೆಯದು. ಕೆರೆಯಲ್ಲಿ ನಿಂತರೆ ಅದು ಪಾಚಿಗೆ ಹಾಕಿದ ಗೊಬ್ಬರ.

ಒಂದು ಲೆಕ್ಕ ಹಾಕೋಣ. ಕೆರೆಗೆ ಬರುವ ನೀರಿನಲ್ಲಿ ಲೀಟರಿಗೆ ಒಂದೇ ಒಂದು ಮಿಲಿಗ್ರಾಂ ರಂಜಕ ಉಳಿದಿದೆ ಎಂದಿಟ್ಟುಕೊಳ್ಳಿ. ಕೇಳಲು ಏನೂ ಅಲ್ಲವೆನ್ನಿಸುತ್ತದೆ. ಆದರೆ ದಿನಕ್ಕೆ 44 ಕೋಟಿ ಲೀಟರಿನಲ್ಲಿ ಅದು 440 ಕಿಲೋ ಆಗುತ್ತದೆ. ಐವತ್ತು ಕಿಲೋ ಡಿ.ಎ.ಪಿ. ಚೀಲದಲ್ಲಿರುವ ಶುದ್ಧ ರಂಜಕ ಸುಮಾರು 10 ಕಿಲೋ. ಅಂದರೆ ದಿನಕ್ಕೆ 44 ಚೀಲ ಡಿ.ಎ.ಪಿ. ಕೆರೆಗಳಿಗೆ ಸುರಿದಂತೆ, ವರ್ಷಕ್ಕೆ 16,000 ಚೀಲ. ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಇದ್ದರೆ ದಿನಕ್ಕೆ 4,400 ಕಿಲೋ. 45 ಕಿಲೋ ತೂಕದ ಯೂರಿಯಾ ಚೀಲದ ಲೆಕ್ಕದಲ್ಲಿ 200ಕ್ಕೂ ಹೆಚ್ಚು ಚೀಲ. ಇದು ಯಾವುದೋ ಒಂದು ಕೆರೆಯಲ್ಲಿ ಅಳೆದು ಹೇಳಿದ ಅಂಕಿ ಅಲ್ಲ, ಪ್ರಮಾಣ ತಿಳಿಯಲೆಂದು ಹಾಕಿದ ಗುಣಾಕಾರ ಮಾತ್ರ. ನೀರಿನಲ್ಲಿ ಕಣ್ಣಿಗೆ ಕಾಣದ್ದು ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಇದು ಸಾಕು.

ಒಂದು ಗ್ರಾಂ ರಂಜಕ ಸಿಕ್ಕಿದರೆ ಅದರಿಂದ ಸುಮಾರು 100 ಗ್ರಾಂ ಒಣ ತೂಕದ ಪಾಚಿ ಬೆಳೆಯಬಲ್ಲದು. ಆ ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಬಿಡುತ್ತದೆ. ಮೀನು ಸಾಯುವುದು ಹೀಗೆ. ಕೆಲವು ಜಾತಿಯ ನೀಲಿ-ಹಸಿರು ಪಾಚಿಗಳು ವಿಷವನ್ನೂ ಬಿಡುತ್ತವೆ. ಅಂಥ ನೀರು ಕುಡಿದ ದನಕರುಗಳು ಸಾಯುವುದುಂಟು. ಭತ್ತದ ಗದ್ದೆಗೆ ಜೈವಿಕ ಗೊಬ್ಬರವೆಂದು ಹಾಕುವುದೂ ನೀಲಿ-ಹಸಿರು ಪಾಚಿಯ ಬಳಗವನ್ನೇ. ಈ ಬಳಗದ ಹಲವು ಜಾತಿಗಳು ಗಾಳಿಯಿಂದಲೇ ಸಾರಜನಕ ಹಿಡಿಯಬಲ್ಲವು ಎಂಬುದು ರೈತರಿಗೆ ಗೊತ್ತಿದೆ. ಆದ್ದರಿಂದ ನೀರಿನ ಸಾರಜನಕವನ್ನಷ್ಟೇ ಕಡಿಮೆ ಮಾಡಿ ಅವನ್ನು ಹಸಿವಿಗೆ ಕೆಡವಲು ಆಗದು. ಸಿಹಿನೀರಿನ ಕೆರೆಯ ಬೀಗದ ಕೈ ಹೆಚ್ಚಾಗಿ ರಂಜಕದಲ್ಲಿದೆ.

ಆಕೊಕ್ವಾನ್ ಕೆಟ್ಟದ್ದು ಹೇಗೆ?

ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದ ನೈರುತ್ಯಕ್ಕೆ, ವರ್ಜೀನಿಯಾ ರಾಜ್ಯದಲ್ಲಿ ಆಕೊಕ್ವಾನ್ ಎಂಬ ಹೊಳೆ ಇದೆ. ಅದಕ್ಕೆ 1957ರಲ್ಲಿ ಎತ್ತರದ ಅಣೆಕಟ್ಟು ಕಟ್ಟಿ ಕುಡಿಯುವ ನೀರಿನ ಜಲಾಶಯ ಮಾಡಿದರು. ಅದು ಹಿಡಿಯುವ ನೀರು ಒಂದು ಟಿ.ಎಂ.ಸಿ.ಗಿಂತ ತುಸು ಹೆಚ್ಚು. 49 ಟಿ.ಎಂ.ಸಿ. ಹಿಡಿಯುವ ನಮ್ಮ ಕನ್ನಂಬಾಡಿಯ ಪಕ್ಕದಲ್ಲಿ ಇದು ದೊಡ್ಡ ಕೆರೆಯಷ್ಟೇ. ಆದರೆ ಆ ಭಾಗದ ಲಕ್ಷಾಂತರ ಜನರ ಕುಡಿಯುವ ನೀರಿಗೆ ಇದೂ ಪೊಟೋಮ್ಯಾಕ್ ನದಿಯೂ ಆಧಾರ.

ಅಣೆಕಟ್ಟು ಕಟ್ಟಿದಾಗ ಜಲಾನಯನ ಪ್ರದೇಶವೆಲ್ಲ ಹೊಲ, ಹುಲ್ಲುಗಾವಲು, ಕಾಡು. ಹತ್ತು ವರ್ಷ ಕಳೆಯುವುದರೊಳಗೆ ರಾಜಧಾನಿಯ ಬಡಾವಣೆಗಳು ಅಲ್ಲಿಗೂ ಹಬ್ಬಿದವು. ಬಡಾವಣೆಗೊಂದರಂತೆ ಸಣ್ಣ ಸಣ್ಣ ಶುದ್ಧೀಕರಣ ಘಟಕಗಳು ಎದ್ದವು. 1960ರ ದಶಕದ ಕೊನೆಗೆ ಇಂಥ 11 ಘಟಕಗಳು ಎರಡನೇ ಹಂತದ ನೀರನ್ನು ಜಲಾಶಯಕ್ಕೆ ಹರಿಯುವ ಹಳ್ಳಗಳಿಗೆ ಬಿಡುತ್ತಿದ್ದವು. ಗಮನಿಸಬೇಕಾದ ಸಂಗತಿಯೆಂದರೆ ಕಾನೂನಿನ ಪ್ರಕಾರ ಶುದ್ಧೀಕರಣ ಆಗುತ್ತಿತ್ತು. ಆದರೂ ಜಲಾಶಯ ಕೆಟ್ಟಿತು. ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಕೆನೆ ಕಟ್ಟಿತು, ಮೀನು ಸತ್ತವು, ಕುಡಿಯುವ ನೀರಿಗೆ ಕೆಟ್ಟ ವಾಸನೆ ಬಂತು. ಪಾಚಿ ಕೊಲ್ಲಲು ಜಲಾಶಯಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ನಾವು ಬಳಸುವ ಅದೇ ಮೈಲುತುತ್ತ. ಅದು ಕಳೆಯ ತಲೆ ಸವರಿದಂತೆ ಅಷ್ಟೇ; ಬೇರಿಗೆ ಗೊಬ್ಬರ ಬೀಳುವುದು ನಿಲ್ಲಲಿಲ್ಲ.

ಆಗ ಆ ರಾಜ್ಯದ ಮುಂದೆ ಎರಡು ದಾರಿಗಳಿದ್ದವು. ಕೊಳಚೆ ನೀರನ್ನು ಬೇರೆಡೆಗೆ ಕೊಳವೆಯಲ್ಲಿ ಸಾಗಿಸಿಬಿಡುವುದು ಒಂದು. ಹಾಗೆ ಮಾಡಿದರೆ ಜಲಾಶಯಕ್ಕೆ ಬರುವ ನೀರೇ ಕಡಿಮೆಯಾಗುತ್ತಿತ್ತು. ಕುಡಿಯಲು ಯೋಗ್ಯವೆನ್ನುವ ಮಟ್ಟಕ್ಕೆ ಹತ್ತಿರವಾಗುವಷ್ಟು ಶುದ್ಧೀಕರಿಸಿ ಅಲ್ಲಿಗೇ ಬಿಡುವುದು ಇನ್ನೊಂದು. 1971ರಲ್ಲಿ ವರ್ಜೀನಿಯಾ ರಾಜ್ಯದ ಜಲ ನಿಯಂತ್ರಣ ಮಂಡಳಿ ಎರಡನೆಯ ದಾರಿ ಹಿಡಿದು, ಆಕೊಕ್ವಾನ್ ನೀತಿ ಎಂದು ಹೆಸರಾದ ಆದೇಶ ಹೊರಡಿಸಿತು. ಅದರಲ್ಲಿ ಮುಖ್ಯವಾದ ಮಾತು ಎರಡು. 11 ಸಣ್ಣ ಘಟಕಗಳನ್ನು ಮುಚ್ಚಿ, ಅತ್ಯುನ್ನತ ಮಟ್ಟದ ಒಂದೇ ದೊಡ್ಡ ಘಟಕ ಕಟ್ಟಬೇಕು. ಜಲಾಶಯವನ್ನೂ ಅದರ ಜಲಾನಯನವನ್ನೂ ಸದಾ ಪರೀಕ್ಷಿಸಲು ಪ್ರತ್ಯೇಕ ವ್ಯವಸ್ಥೆ ಇರಬೇಕು.

ಹೊಸ ಘಟಕ 1978ರಲ್ಲಿ ಕೆಲಸ ಆರಂಭಿಸಿತು. ಅಲ್ಲಿ ಎರಡನೇ ಹಂತ ಮುಗಿದ ನೀರಿಗೆ ಸುಣ್ಣ ಬೆರೆಸಿ ರಂಜಕವನ್ನು ಗಟ್ಟಿಯಾಗಿಸಿ ಕೆಳಗಿಳಿಸುತ್ತಾರೆ, ಆಮೇಲೆ ಸೋಸುತ್ತಾರೆ, ಇದ್ದಿಲಿನ ಮೂಲಕ ಹಾಯಿಸುತ್ತಾರೆ, ಕೊನೆಗೆ ರೋಗಾಣು ಕೊಲ್ಲುತ್ತಾರೆ. ಹೊರಬೀಳುವ ನೀರಿನಲ್ಲಿ ರಂಜಕ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬುದು ಅದಕ್ಕೆ ಹಾಕಿರುವ ಷರತ್ತು. ಮೇಲೆ ಹೇಳಿದ ನಮ್ಮ ಲೆಕ್ಕಕ್ಕೆ ಇದನ್ನು ಹಚ್ಚಿದರೆ ದಿನಕ್ಕೆ 44 ಚೀಲ ಡಿ.ಎ.ಪಿ. ಇದ್ದದ್ದು ನಾಲ್ಕೂವರೆ ಚೀಲಕ್ಕೂ ಕಡಿಮೆಗೆ ಇಳಿಯುತ್ತದೆ. ಮೂರನೇ ಹಂತ ಬೇಕೆಂಬ ಬೇಡಿಕೆಯ ಅರ್ಥ ಇದು.

ವಿಶ್ವವಿದ್ಯಾಲಯದ ಪ್ರಯೋಗಶಾಲೆ

ಇಡೀ ಕಥೆಯಲ್ಲಿ ನಮಗೆ ಹೆಚ್ಚು ಉಪಯುಕ್ತವಾದ ಭಾಗ ಘಟಕವಲ್ಲ, ಪ್ರಯೋಗಶಾಲೆ. 1872ರಲ್ಲಿ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜಾಗಿ ಹುಟ್ಟಿ ಇಂದು ವರ್ಜೀನಿಯಾ ಟೆಕ್ ಎಂದು ಹೆಸರಾಗಿರುವ ವಿಶ್ವವಿದ್ಯಾಲಯ, 1972ರಲ್ಲಿ ಮನಾಸಸ್ ಎಂಬ ಊರಿನಲ್ಲಿ ಆಕೊಕ್ವಾನ್ ಜಲಾನಯನ ಪರೀಕ್ಷಾ ಪ್ರಯೋಗಶಾಲೆಯನ್ನು ತೆರೆಯಿತು. ಅಂದರೆ ದೊಡ್ಡ ಘಟಕ ಚಾಲೂ ಆಗುವುದಕ್ಕೆ ಆರು ವರ್ಷ ಮೊದಲೇ ಅಳತೆ ಆರಂಭವಾಗಿತ್ತು. ಆದ್ದರಿಂದ ಹಿಂದೆ ನೀರು ಹೇಗಿತ್ತು, ಈಗ ಹೇಗಿದೆ ಎಂದು ಹೋಲಿಸಲು ಸಾಧ್ಯವಾಯಿತು.

ಈ ಪ್ರಯೋಗಶಾಲೆ ಶುದ್ಧೀಕರಣ ಘಟಕದ ಕೈಕೆಳಗಿಲ್ಲ, ನೀರು ಸರಬರಾಜು ಮಾಡುವವರ ಕೈಕೆಳಗೂ ಇಲ್ಲ. ಖರ್ಚನ್ನು ಜಲಾನಯನದ ಸ್ಥಳೀಯ ಆಡಳಿತಗಳೂ ನೀರಿನ ಸಂಸ್ಥೆಗಳೂ ಹಂಚಿಕೊಂಡು ಕೊಡುತ್ತವೆ, ಕೆಲಸ ವಿಶ್ವವಿದ್ಯಾಲಯದ್ದು. ನೀರು ಬಿಡುವವರೇ ಅದು ಚೆನ್ನಾಗಿದೆ ಎಂದು ಹೇಳಿಕೊಂಡರೆ ಕುಡಿಯುವವರು ನಂಬುವುದು ಕಷ್ಟ. ಹಾಲಿನ ಡೇರಿಯಲ್ಲಿ ಕೊಬ್ಬಿನ ಪರೀಕ್ಷೆ ಯಾರ ಕೈಯಲ್ಲಿರಬೇಕು ಎಂಬ ಜಗಳ ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಐವತ್ತು ವರ್ಷಗಳಿಂದ ಅಳೆಯುತ್ತ ಬಂದ ಪ್ರಯೋಗಶಾಲೆ ಮೂರು ಮುಖ್ಯ ಸಂಗತಿಗಳನ್ನು ಬೆಳಕಿಗೆ ತಂದಿದೆ.

ತಳದ ಹೂಳು ಕಾಯುವ ಬೀಗ

ಮೊದಲನೆಯದು ಸ್ವಲ್ಪ ಅಚ್ಚರಿಯ ಸಂಗತಿ. ಆಳವಾದ ಜಲಾಶಯದಲ್ಲಿ ಬೇಸಿಗೆ ಬಂದಾಗ ಮೇಲಿನ ನೀರು ಕಾದು ಹಗುರವಾಗುತ್ತದೆ, ಕೆಳಗಿನದು ತಣ್ಣಗೆ ಭಾರವಾಗಿ ನಿಲ್ಲುತ್ತದೆ. ಎರಡೂ ಬೆರೆಯುವುದಿಲ್ಲ. ಕೆಳಪದರಕ್ಕೆ ಗಾಳಿ ಸಿಕ್ಕದೆ ಅಲ್ಲಿನ ಆಮ್ಲಜನಕ ಮುಗಿಯುತ್ತದೆ. ತಳದ ಹೂಳಿನಲ್ಲಿ ರಂಜಕ ಸಾಮಾನ್ಯವಾಗಿ ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ಕುಳಿತಿರುತ್ತದೆ. ಆಮ್ಲಜನಕ ಮುಗಿದೊಡನೆ ಆ ತುಕ್ಕು ಕರಗುತ್ತದೆ. ಹಿಡಿದಿಟ್ಟ ರಂಜಕವೂ ಬಿಡುಗಡೆಯಾಗಿ ನೀರಿಗೆ ಬರುತ್ತದೆ. ಹೊರಗಿನಿಂದ ಒಂದು ಹನಿ ಕೊಳಚೆ ಬಾರದಿದ್ದರೂ ಜಲಾಶಯ ತನ್ನ ಹಳೆಯ ಹೂಳಿನಿಂದಲೇ ಪಾಚಿಗೆ ಗೊಬ್ಬರ ಕೊಡತೊಡಗುತ್ತದೆ. ನೀರು ಕಟ್ಟಿದ ಭತ್ತದ ಗದ್ದೆಯಲ್ಲಿ ರಂಜಕ ಪೈರಿಗೆ ಸುಲಭವಾಗಿ ಸಿಕ್ಕುವುದೂ ಬಹುಪಾಲು ಇದೇ ಕಾರಣದಿಂದ.

ಆಕೊಕ್ವಾನ್‌ನಲ್ಲಿ ಹೊಸ ಘಟಕದಿಂದ ಬರುವ ನೀರಿನಲ್ಲಿ ರಂಜಕ ತೀರ ಕಡಿಮೆ, ಆದರೆ ಸಾರಜನಕ ನೈಟ್ರೇಟ್ ರೂಪದಲ್ಲಿ ಇತ್ತು. ಇದು ಕೆಡುಕೆಂದೇ ಯಾರಾದರೂ ಎಣಿಸುತ್ತಿದ್ದರು. ಆದರೆ ವಿಶ್ವವಿದ್ಯಾಲಯದವರ ಅಧ್ಯಯನ ಬೇರೆಯೇ ಹೇಳಿತು. ಆಮ್ಲಜನಕ ಮುಗಿದಾಗ ತಳದ ಸೂಕ್ಷ್ಮಜೀವಿಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಬಳಸಿ ಉಸಿರಾಡುತ್ತವೆ. ನೈಟ್ರೇಟ್ ಇರುವವರೆಗೂ ಅವು ಕಬ್ಬಿಣದ ತುಕ್ಕಿಗೆ ಕೈಹಾಕುವುದಿಲ್ಲ. ತುಕ್ಕು ಕರಗದಿದ್ದರೆ ರಂಜಕ ಹೂಳಿನಲ್ಲೇ ಉಳಿಯಿತು. ಬಳಕೆಯಾದ ನೈಟ್ರೇಟಿನ ಸಾರಜನಕ ಅನಿಲವಾಗಿ ಗಾಳಿಗೆ ಹೋಯಿತು. ಹೀಗೆ ಒಂದು ಪೋಷಕಾಂಶವೇ ಇನ್ನೊಂದಕ್ಕೆ ಬೀಗ ಹಾಕಿತು. ಜಲಾಶಯದ ತಳ ಕೆಡದಂತೆ ಕಾಯಲು ಬೇಸಿಗೆಯಲ್ಲಿ ನೈಟ್ರೇಟ್ ಇರುವ ನೀರನ್ನೇ ಬಿಡುವುದು ಅಲ್ಲಿನ ನಿರ್ವಹಣೆಯ ಭಾಗವಾಯಿತು.

ಮಳೆಯೊಂದಿಗೆ ಬರುವ ಪಾಲು

ಎರಡನೆಯ ಸಂಗತಿ ರೈತರಿಗೂ ನಗರದವರಿಗೂ ಸೇರಿದ್ದು. ಕೊಳವೆಯ ಬಾಯಿ ಶುದ್ಧವಾದ ಮೇಲೆ ಜಲಾಶಯಕ್ಕೆ ಉಳಿದ ರಂಜಕ ಎಲ್ಲಿಂದ ಬರುತ್ತಿದೆ ಎಂದು ಹುಡುಕಿದರು. ಅದು ಮಳೆ ನೀರಿನೊಂದಿಗೆ ಹೊಲ, ಅಂಗಳ, ಬೀದಿಗಳಿಂದ ಕೊಚ್ಚಿ ಬರುತ್ತಿತ್ತು. ಕಾಡಿನಿಂದ ಬರುವುದು ಅತ್ಯಲ್ಪ. ಬಡಾವಣೆ ದಟ್ಟವಾದಷ್ಟೂ, ಉತ್ತು ಬರಿದಾಗಿ ಬಿಟ್ಟ ಭೂಮಿ ಹೆಚ್ಚಾದಷ್ಟೂ ಹೆಚ್ಚು. ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡು ಪ್ರಯಾಣ ಮಾಡುವುದರಿಂದ ಮಣ್ಣು ಕೊಚ್ಚಿದರೆ ರಂಜಕವೂ ಕೊಚ್ಚಿತು.

ಈ ತಿಳಿವಳಿಕೆಯ ಫಲವಾಗಿ ಫೇರ್‌ಫ್ಯಾಕ್ಸ್ ಜಿಲ್ಲಾಡಳಿತ 1982ರಲ್ಲಿ ಜಲಾಶಯದ ಸುತ್ತಲಿನ ಸುಮಾರು 41,000 ಎಕರೆ ಭೂಮಿಯಲ್ಲಿ ಐದು ಎಕರೆಗೆ ಒಂದೇ ಮನೆ ಎಂಬ ನಿರ್ಬಂಧ ಹಾಕಿತು. ನಿವೇಶನ ಮಾಡಿ ಮಾರುವ ಆಸೆಯಿದ್ದ ಭೂಮಾಲೀಕರು ಕೋರ್ಟಿಗೆ ಹೋದರು. ನಿರ್ಬಂಧ ಉಳಿಯಿತು. ಕೆರೆ ಉಳಿಸುವ ಭಾರವನ್ನು ಒಂದು ಘಟಕದ ಮೇಲೆ ಹೊರಿಸಿ ಮಿಕ್ಕವರು ಕೈತೊಳೆದುಕೊಳ್ಳಲು ಆಗದೆಂಬುದು ಇದರ ಅರ್ಥ.

ಉಪ್ಪು ಮಾತ್ರ ಉಳಿಯಿತು

ಮೂರನೆಯದು ಇತ್ತೀಚಿನದು. ಪೋಷಕಾಂಶದ ಹಿಡಿತ ಸಿಕ್ಕಿದರೂ ಜಲಾಶಯದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿದೆ. ವರ್ಜೀನಿಯಾ ಟೆಕ್ ವಿಜ್ಞಾನಿಗಳು ಇತರರೊಂದಿಗೆ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಳೆಯಿಲ್ಲದ ದಿನಗಳಲ್ಲಿ ಇದಕ್ಕೆ ಮುಖ್ಯ ಮೂಲ ಶುದ್ಧೀಕರಿಸಿದ ನೀರು; ಮಳೆ ಬಂದಾಗ ಬೀದಿಗಳಿಂದ ಕೊಚ್ಚಿ ಬರುವ ನೀರು. ಅಲ್ಲಿ ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಮನೆ ಬಳಕೆಯಲ್ಲಿ, ಕಾರ್ಖಾನೆಯಲ್ಲಿ, ಶುದ್ಧೀಕರಣದಲ್ಲಿಯೇ ಬೆರೆಯುವ ಉಪ್ಪನ್ನು ಸುಣ್ಣವಾಗಲಿ ಇದ್ದಿಲಾಗಲಿ ತೆಗೆಯಲಾರದು.

ನೀರಾವರಿ ಮಾಡುವವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಸೋಡಿಯಂ ಹೆಚ್ಚಿದ ನೀರನ್ನು ವರ್ಷಗಟ್ಟಲೆ ಹಾಯಿಸಿದರೆ ಭೂಮಿ ಗಟ್ಟಿಯಾಗಿ ನೀರು ಇಂಗದಂತಾಗಿ ಚೌಳಾಗುತ್ತದೆ. ಮೂರನೇ ಹಂತ ಬಂದೊಡನೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು ಎಂಬುದು ಆಕೊಕ್ವಾನ್ ಕೊಡುವ ಎಚ್ಚರಿಕೆ.

ಕೋಲಾರಕ್ಕೆ ಎಷ್ಟು ಹೊಂದುತ್ತದೆ?

ಪರದೇಶದ ಪಾಠವನ್ನು ಹಾಗೆಯೇ ತಂದು ಹಚ್ಚುವುದು ಸರಿಯಲ್ಲ. ಆಕೊಕ್ವಾನ್‌ಗೂ ಕೋಲಾರದ ಕೆರೆಗಳಿಗೂ ಇರುವ ವ್ಯತ್ಯಾಸಗಳನ್ನು ಗಮನಿಸಬೇಕು.

ಅಲ್ಲಿನದು ಹೊಳೆ ಹರಿಯುವ ಜಲಾಶಯ. ಸಾಧಾರಣ ವರ್ಷದಲ್ಲಿ ಮಳೆಯ ನೀರು ಬಂದು ಶುದ್ಧೀಕರಿಸಿದ ನೀರನ್ನು ತಿಳಿಗೊಳಿಸುತ್ತದೆ. ಬರಗಾಲದಲ್ಲಿ ಮಾತ್ರ ಒಳಹರಿವಿನ ಬಹುಪಾಲು ಘಟಕದಿಂದಲೇ ಬರುತ್ತದೆ. ಸದಾ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಮಳೆ ಕೈಕೊಟ್ಟ ವರ್ಷ ಅನೇಕ ಕೆರೆಗಳಿಗೆ ಈ ನೀರೇ ನೀರು. ಬೆರೆಸಿ ತಿಳಿಗೊಳಿಸಲು ಬೇರೇನೂ ಇಲ್ಲ. ಮೇಲಿನ ಕೆರೆಯ ಕೋಡಿ ಬಿದ್ದು ಕೆಳಗಿನ ಕೆರೆಗೆ ನೀರು ಹೋಗುವ ಸರಪಳಿಯಲ್ಲಿ ಕರಗಿದ ಉಪ್ಪು ಬಿಸಿಲಿಗೆ ಆವಿಯಾಗದೆ ಉಳಿಯುತ್ತ ಹೋಗುತ್ತದೆ. ಆದ್ದರಿಂದ ಅಲ್ಲಿಗಿಂತ ಇಲ್ಲಿ ನಿಯಮ ಬಿಗಿಯಾಗಿರಬೇಕೇ ಹೊರತು ಸಡಿಲವಾಗಿರಬಾರದು.

ಅಲ್ಲಿ ನೈಟ್ರೇಟ್ ಬೀಗದಂತೆ ಕೆಲಸ ಮಾಡಿದ್ದು ಜಲಾಶಯ ಆಳವಾಗಿದ್ದು, ನೀರು ಪದರವಾಗಿ ನಿಂತದ್ದರಿಂದ. ನಮ್ಮ ಕೆರೆಗಳು ತೆಳುವು. ಗಾಳಿ ಬೀಸಿದರೆ ತಳದವರೆಗೂ ಕಲಕುತ್ತವೆ. ಮೇಲಾಗಿ ಇಲ್ಲಿ ಕೆರೆ ತುಂಬಿಸುವ ಉದ್ದೇಶವೇ ನೀರು ಇಂಗಿ ಕೊಳವೆ ಬಾವಿ ಸೇರಲಿ ಎಂಬುದು. ರಂಜಕವನ್ನು ಮಣ್ಣು ಬಹುಮಟ್ಟಿಗೆ ಹಿಡಿದಿಡುತ್ತದೆ. ಆದರೆ ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ, ನೀರಿನ ಜೊತೆಯಲ್ಲೇ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ ಸಂಸ್ಥೆಯ ಮಿತಿ. ಶುದ್ಧ ಸಾರಜನಕದ ಲೆಕ್ಕದಲ್ಲಿ ಇದು ಸುಮಾರು 10 ಮಿಲಿಗ್ರಾಂ. ಮಿತಿ ಮೀರಿದ ನೀರಿನಲ್ಲಿ ಕಲಸಿದ ಹಾಲು ಕುಡಿದ ಎಳೆಗೂಸುಗಳ ಮೈ ನೀಲಿಗಟ್ಟುವ ರೋಗ ಬರುವುದುಂಟು. ಊರಿನ ಕುಡಿಯುವ ನೀರೂ ಕೊಳವೆ ಬಾವಿಯಿಂದಲೇ ಬರುವಲ್ಲಿ ಇದು ಸಣ್ಣ ವಿಷಯವಲ್ಲ. ಆಕೊಕ್ವಾನ್‌ನಲ್ಲಿ ಹಿತವಾದದ್ದು ಇಲ್ಲಿ ಅಹಿತವಾಗಬಹುದು. ಆದ್ದರಿಂದ ಕೋಲಾರದಲ್ಲಿ ರಂಜಕ, ಸಾರಜನಕ ಎರಡನ್ನೂ ತೆಗೆಯುವ ಶುದ್ಧೀಕರಣವೇ ಬೇಕು.

ಇನ್ನೊಂದು ಆಯಾಮವನ್ನೂ ಹೇಳಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ನೀರನ್ನು ನೇರವಾಗಿ ಕೆರೆಗೆ ಬಿಡದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸುವ ಏರ್ಪಾಡಿದೆ. ಜೊಂಡು ಮತ್ತು ಪಾಚಿ ಪೋಷಕಾಂಶವನ್ನು ಹೀರಿಕೊಳ್ಳುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ್ದಾರೆ. ಕೆರೆಯ ಮೇಲ್ಭಾಗದಲ್ಲಿ ಇಂಥ ಜೌಗು ಪಟ್ಟಿ ಬಿಟ್ಟರೆ ಖರ್ಚು ಕಡಿಮೆ. ಆದರೆ ಒಂದು ಷರತ್ತು: ಬೆಳೆದ ಜೊಂಡನ್ನು, ಅಂತರಗಂಗೆಯನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕಬೇಕು. ಅಲ್ಲಿಯೇ ಸಾಯಲು ಬಿಟ್ಟರೆ ಹೀರಿದ್ದನ್ನೆಲ್ಲ ಮತ್ತೆ ಕೆರೆಗೇ ಕೊಡುತ್ತದೆ.

ಕೇಳಬೇಕಾದ್ದು ಏನು?

ನೀರು ಬೇಕು, ಆದರೆ ಎಂಥ ನೀರು ಎಂದು ಕೇಳುವ ಹಕ್ಕೂ ಬೇಕು. ಬರೀ ಬೇಡವೆಂದರೆ ಕೆರೆ ಬರಿದಾಗುತ್ತದೆ. ಬರೀ ಬರಲಿ ಎಂದರೆ ಮಕ್ಕಳ ಕಾಲಕ್ಕೆ ಬಾವಿ ಕೆಡಬಹುದು. ಆಕೊಕ್ವಾನ್ ಅನುಭವದಿಂದ ಗ್ರಾಮ ಪಂಚಾಯಿತಿಗಳೂ ರೈತ ಸಂಘಗಳೂ ಮುಂದಿಡಬಹುದಾದ ಬೇಡಿಕೆಗಳು ಇವು:

ಒಂದು, ಶುದ್ಧೀಕರಣ ಎಷ್ಟನೇ ಹಂತದ್ದು ಎಂಬ ಹೆಸರಿಗಿಂತ ಹೊರಬೀಳುವ ನೀರಿನಲ್ಲಿ ರಂಜಕ, ನೈಟ್ರೇಟ್, ಸೋಡಿಯಂ ಲೀಟರಿಗೆ ಎಷ್ಟಿರಬೇಕೆಂಬ ಅಂಕಿಯನ್ನು ಆದೇಶದಲ್ಲಿ ಬರೆಯಬೇಕು. ಹಂತದ ಮಾತಿನಲ್ಲಿ ನುಣುಚಿಕೊಳ್ಳಬಹುದು, ಅಂಕಿಯಲ್ಲಿ ಆಗದು.

ಎರಡು, ಪರೀಕ್ಷೆ ನೀರು ಬಿಡುವ ಸಂಸ್ಥೆಯ ಕೈಯಲ್ಲಿರದೆ ವಿಶ್ವವಿದ್ಯಾಲಯ ಅಥವಾ ಅಂಥ ಸ್ವತಂತ್ರ ಸಂಸ್ಥೆಯ ಕೈಯಲ್ಲಿ ಕಾಯಂ ಆಗಿರಬೇಕು. ಒಂದೆರಡು ವರ್ಷದ ಅಧ್ಯಯನ ಸಾಲದು. ಆಕೊಕ್ವಾನ್‌ನಲ್ಲಿ ಉಪ್ಪಿನ ಏರಿಕೆ ಕಂಡದ್ದು ದಶಕಗಟ್ಟಲೆ ಅಳೆದದ್ದರಿಂದ.

ಮೂರು, ಕೆರೆಯ ನೀರಷ್ಟೇ ಅಲ್ಲ, ಕೆರೆ ಹಿಂದಿನ ಕೊಳವೆ ಬಾವಿಗಳ ನೀರನ್ನೂ ಪರೀಕ್ಷಿಸಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಹಲಗೆಯ ಮೇಲೆ ಹಾಕಬೇಕು.

ನಾಲ್ಕು, ಖರ್ಚಿನ ಪ್ರಶ್ನೆ. ಆಕೊಕ್ವಾನ್‌ನಲ್ಲಿ ಶುದ್ಧೀಕರಣದ ಖರ್ಚು ಕೊಳಚೆ ಹೊರಡಿಸುವ ಊರುಗಳ ಮೇಲೆ ಬೀಳುತ್ತದೆ. ನಗರದ ಕೊಳೆ ತೊಳೆಯುವ ಬೆಲೆಯನ್ನು ನಗರವೇ ಕೊಡುವುದು ನ್ಯಾಯ.

ನಮ್ಮ ಹೊಲದ ಪಾಲು

ಇಷ್ಟು ಕೇಳುವವರು ತಮ್ಮ ಪಾಲನ್ನೂ ನೋಡಿಕೊಳ್ಳಬೇಕು. ಟೊಮೆಟೊ, ಹಿಪ್ಪುನೇರಳೆ ತೋಟಗಳಿಗೆ ಲೆಕ್ಕವಿಲ್ಲದೆ ಸುರಿಯುವ ಡಿ.ಎ.ಪಿ.ಯೂ ಜೋರು ಮಳೆಗೆ ಮಣ್ಣಿನೊಂದಿಗೆ ಅದೇ ಕೆರೆಗೆ ಹೋಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಭೂಮಿಯಲ್ಲಿ ಆಗಲೇ ರಂಜಕ ಸಾಕಷ್ಟಿದ್ದರೆ ಹಾಕುವುದನ್ನು ಕಡಿಮೆ ಮಾಡಬೇಕು. ಗೊಬ್ಬರವನ್ನು ಮೇಲೆ ಎರಚದೆ ಸಾಲಿನಲ್ಲಿ ಕೊಟ್ಟು ಮಣ್ಣು ಮುಚ್ಚಬೇಕು. ದೊಡ್ಡ ಮಳೆಯ ಮೋಡ ಕಂಡಾಗ ಯೂರಿಯಾ ಹಾಕಬಾರದು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ ಹುಲ್ಲು ಬೆಳೆಸಬೇಕು. ತಿಪ್ಪೆ ರಾಜಕಾಲುವೆಯ ದಂಡೆಯಲ್ಲಿ ಇರಬಾರದು. ಇದರಿಂದ ಕೆರೆಗೂ ಉಳಿತಾಯ, ಜೇಬಿಗೂ ಉಳಿತಾಯ. ಬೆಳೆಗೆ ಸಾರಜನಕ ಕೊಡುವಾಗ ಕೊಳವೆ ಬಾವಿಯ ನೀರಿನಲ್ಲೇ ನೈಟ್ರೇಟ್ ಎಷ್ಟಿದೆ ಎಂದು ತಿಳಿದರೆ ಅಷ್ಟು ಯೂರಿಯಾ ಕಡಿಮೆ ಮಾಡಬಹುದು.

ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಹೊಲದಿಂದ ಕೊಚ್ಚಿಹೋದ ರಂಜಕ ಹೀಗೆ ಹೊಲಕ್ಕೇ ಮರಳುತ್ತಿತ್ತು. ಕೆರೆಯ ಹೊಟ್ಟೆಯೂ ಹಗುರವಾಗುತ್ತಿತ್ತು. ವಿಜ್ಞಾನಿಗಳು ಇಂದು ತಳದ ಹೂಳಿನ ರಂಜಕವೆಂದು ಹೇಳುವುದನ್ನು ಅವರು ಹೆಸರಿಡದೆ ನಿಭಾಯಿಸಿದ್ದರು. ನಗರದ ನೀರು ತುಂಬಿದ ಕೆರೆಯ ಹೂಳನ್ನು ಮಾತ್ರ ಭಾರ ಲೋಹಗಳ ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬಾರದು.

ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ. ಬೆಳೆಗೆ ಅಮೃತವಾದ ರಂಜಕ ಕೆರೆಯಲ್ಲಿ ವಿಷವಾಗುವುದು ಅಳತೆ ತಪ್ಪಿದಾಗ. ಆಕೊಕ್ವಾನ್ ಉಳಿದದ್ದು ಅಲ್ಲಿನವರು ಅಳೆಯುವುದನ್ನು ಒಂದು ವರ್ಷವೂ ಬಿಡದ್ದರಿಂದ. ಕೋಲಾರದ ಕೆರೆಗಳಿಗೆ ನೀರು ಬಂದಿದೆ. ಇನ್ನು ಅಳತೆಯೂ ಬರಬೇಕು.